ನಿಂತ ಕಾರಿನಲ್ಲಿ ಸಂಗೀತ

ಸಂಗೀತವನ್ನು ಎಲ್ಲಿ ಕುಳಿತು ಕೇಳಬೇಕೆಂಬುದಕ್ಕೆ ನಮ್ಮ ಹಿರಿಯರು ಕಟ್ಟುನಿಟ್ಟಾದ ವಿಧಿಯನ್ನೇನೂ ಮಾಡಿದಂತೆ ಕಾಣುವುದಿಲ್ಲ. ಅರಮನೆಯ ದರ್ಬಾರಿನಲ್ಲಿ ಕೇಳಿದರು. ದೇವಸ್ಥಾನದ ಪ್ರಾಕಾರದಲ್ಲಿ ಕೇಳಿದರು. ರಾಮನವಮಿಯ ಚಪ್ಪರದಡಿಯಲ್ಲಿ ಪಾನಕ ಕುಡಿದು, ಕೋಸಂಬರಿಯ ದೊನ್ನೆಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದರು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಮೇಲೆ, ಗಾಯಕನ ಮುಖವನ್ನು ಕಾಣದೆಯೇ ಗಾನವನ್ನು ಕೇಳುವ ಅಭ್ಯಾಸವೂ ನಮ್ಮಲ್ಲಿ ಬೆಳೆಯಿತು. ಈ ಪರಂಪರೆಯ ಈಚಿನ ನೆಲೆಯೊಂದಿದೆ. ಅದರ ವಿಷಯವನ್ನು ಯಾರೂ ಗಂಭೀರವಾಗಿ ಬರೆದಂತಿಲ್ಲ. ರಸ್ತೆಯ ಪಕ್ಕದಲ್ಲಿಯೋ ಮರದ ನೆರಳಿನಲ್ಲಿಯೋ ಎಂಜಿನ್ನನ್ನು ಆರಿಸಿ ನಿಲ್ಲಿಸಿದ ಕಾರೇ ಆ ನೆಲೆ.

ಇದನ್ನು ಕೇಳಿ ಕೆಲವರು ನಕ್ಕಾರು. ಆದರೆ ಇಂದಿನ ನಗರದಲ್ಲಿ ಒಬ್ಬ ಮಧ್ಯಮ ವರ್ಗದ ಗೃಹಸ್ಥನಿಗೆ ಅರ್ಧ ಗಂಟೆಯ ನಿಶ್ಶಬ್ದ ಎಲ್ಲಿ ದೊರೆಯುತ್ತದೆ, ಯೋಚಿಸಿ ನೋಡಿ. ಮನೆಯಲ್ಲಿ ಮಿಕ್ಸರಿನ ಸದ್ದು, ದೂರದರ್ಶನದ ಸದ್ದು, ಪಕ್ಕದ ನಿವೇಶನದಲ್ಲಿ ಕಬ್ಬಿಣ ಕತ್ತರಿಸುವ ಸದ್ದು. ಕಾರಿನ ಗಾಜುಗಳನ್ನು ಮೇಲೇರಿಸಿ ಎಂಜಿನ್ನನ್ನು ನಿಲ್ಲಿಸಿದಾಗ ಮಾತ್ರ ತಂಬೂರಿಯ ಝೇಂಕಾರವು ಕಿವಿಗೆ ಬೀಳುತ್ತದೆ. ಮಂದ್ರಸ್ಥಾಯಿಯ ಒಂದು ಸ್ವರ ಇನ್ನೊಂದಕ್ಕೆ ಜಾರುವ ದಾರಿ ತಿಳಿಯುತ್ತದೆ. ಓಡುವ ಕಾರಿನಲ್ಲಿ ಕೇಳುವ ಸಂಗೀತ ಅರ್ಧ ಸಂಗೀತ. ಉಳಿದರ್ಧವನ್ನು ಎಂಜಿನ್ನೂ ಗಾಳಿಯೂ ಹಂಚಿಕೊಳ್ಳುತ್ತವೆ. ಮಕ್ಕಳನ್ನು ಶಾಲೆಯಿಂದ ಕರೆತರಲು ಕಾಯುವ ತಾಯಿ, ಮದುವೆಯ ಛತ್ರದ ಮುಂದೆ ನಡುರಾತ್ರಿಯವರೆಗೆ ಕಾಯುವ ಬಾಡಿಗೆ ಕಾರಿನ ಚಾಲಕ, ಕಚೇರಿಯಿಂದ ಬಂದರೂ ಒಡನೆ ಮನೆಯೊಳಗೆ ಹೋಗಲೊಲ್ಲದೆ ಗೇಟಿನ ಮುಂದೆ ಒಂದು ಆಲಾಪ ಮುಗಿಯುವವರೆಗೆ ಕುಳಿತಿರುವ ಗುಮಾಸ್ತ, ಇವರೆಲ್ಲರೂ ಈ ಪಂಗಡದವರು. ನಾನೂ ಈ ಪಂಗಡಕ್ಕೆ ಸೇರಿದವನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಪಂಗಡಕ್ಕೆ ಉಪದೇಶ ಮಾಡುವವರು ಎರಡು ಬಗೆ. ಒಂದು ಬಗೆಯವರು, ‘ಎಂಜಿನ್ ನಿಂತಿದ್ದಾಗ ರೇಡಿಯೋ ಮುಟ್ಟಲೇಬೇಡ, ಬ್ಯಾಟರಿ ಕೂತುಬಿಡುತ್ತದೆ’ ಎಂದು ಗದರಿಸುವವರು. ಇನ್ನೊಂದು ಬಗೆಯವರು, ‘ಅದಕ್ಕೇಕೆ ಚಿಂತೆ? ಎಂಜಿನ್ನನ್ನು ಓಡಲು ಬಿಟ್ಟು ಕೇಳಿದರಾಯಿತು’ ಎನ್ನುವ ಉದಾರಿಗಳು. ಮೊದಲಿನವರ ಮಾತಿನಂತೆ ನಡೆದರೆ ಸಂಗೀತ ಹೋಗುತ್ತದೆ. ಎರಡನೆಯವರ ಮಾತಿನಂತೆ ನಡೆದರೆ ನಿಶ್ಶಬ್ದ ಹೋಗುತ್ತದೆ. ಅದರ ಜೊತೆಗೆ ಗಂಟೆಗೆ ಅರ್ಧ ಲೀಟರೋ ಅದಕ್ಕಿಂತ ಹೆಚ್ಚೋ ಪೆಟ್ರೋಲೂ ಹೋಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಮಾಡಿದರೆ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡಿನಿಂದ ಪ್ರಾಣವೇ ಹೋದೀತು. ನನ್ನ ಅಭಿಪ್ರಾಯ ಈ ಎರಡಕ್ಕೂ ಸೇರದು. ಎಂಜಿನ್ನನ್ನು ನಿಲ್ಲಿಸಿಯೇ ಕೇಳಬೇಕು. ಆದರೆ ಲೆಕ್ಕವಿಟ್ಟು ಕೇಳಬೇಕು. ಲೆಕ್ಕವಿಡಲು ಬೇಕಾದ ಸಾಧನವನ್ನು ಕಾರು ಮಾಡುವವರು ನಮ್ಮ ಕಣ್ಣ ಮುಂದೆ ಇಡಬೇಕು. ಈ ಬರಹದ ಉದ್ದೇಶ ಇಷ್ಟೇ. ಆದರೆ ಇದನ್ನು ಸಾಧಿಸಬೇಕಾದರೆ ಬ್ಯಾಟರಿಯ ಸ್ವಭಾವವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ವಾಚಕರು ಸಹಿಸಿಕೊಳ್ಳಬೇಕು.

ಇಂದು ನಮ್ಮ ಕಾರುಗಳಲ್ಲಿರುವ ಸಾಮಾನ್ಯ ಬ್ಯಾಟರಿಯ ಮೂಲಪುರುಷ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಆತ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಬರಿದಾದ ಮೇಲೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ೧೮೫೯ರಲ್ಲಿ ಮಾಡಿ ತೋರಿಸಿದ. ಅಂದಿನಿಂದ ಇಂದಿನವರೆಗೆ ಅನೇಕ ಸುಧಾರಣೆಗಳು ನಡೆದಿದ್ದರೂ ಮೂಲತತ್ತ್ವ ಅದೇ. ಎರಡು ವೋಲ್ಟಿಗಿಂತ ತುಸು ಹೆಚ್ಚು ಒತ್ತಡವಿರುವ ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ ನಾವು ‘ಹನ್ನೆರಡು ವೋಲ್ಟಿನ ಬ್ಯಾಟರಿ’ ಎನ್ನುವ ಪೆಟ್ಟಿಗೆಯಾಗುತ್ತದೆ. ವಿದ್ಯುತ್ತು ಹೊರಗೆ ಹರಿದಂತೆಲ್ಲ ಒಳಗಿನ ಆಮ್ಲ ತೆಳುವಾಗುತ್ತ ಹೋಗುತ್ತದೆ. ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತ ಹೋಗುತ್ತದೆ. ಎಂಜಿನ್ ಓಡತೊಡಗಿದಾಗ ಆಲ್ಟರ್ನೇಟರು ಈ ಕ್ರಿಯೆಯನ್ನು ತಿರುಗುಮುರುಗು ಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ.

ಈ ಪೆಟ್ಟಿಗೆಯನ್ನು ಪೆಟ್ರೋಲು ಕಾರುಗಳಲ್ಲಿ ಇಟ್ಟಿರುವುದು ಸಂಗೀತಕ್ಕಾಗಿ ಅಲ್ಲ. ಮುಖ್ಯವಾಗಿ ಎಂಜಿನ್ನನ್ನು ಎಬ್ಬಿಸುವುದಕ್ಕಾಗಿ. ಮೊದಲ ಕಾಲದ ಮೋಟಾರುಗಳನ್ನು ಕೈಯಿಂದ ಹ್ಯಾಂಡಲ್ ಹೊಡೆದು ಎಬ್ಬಿಸಬೇಕಾಗಿತ್ತು; ಅದು ಹಿಂದಕ್ಕೆ ಒದೆದು ಕೈ ಮುರಿದುಕೊಂಡವರೂ ಉಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಚಾಲಕ, ನಮ್ಮ ಮೋಟಾರು ಜನರು ಬರಿಯ ‘ಸೆಲ್ಫ್’ ಎಂದು ಕರೆಯುವುದು, ೧೯೧೨ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ಕಳೆಯಿತು. ಪಾಲ್ ಗ್ಯಾಲ್ವಿನ್ನನ ಕಂಪನಿ ಮೋಟೊರೋಲಾ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರಾಟಕ್ಕೆ ತಂದದ್ದು ೧೯೩೦ರಲ್ಲಿ. ಎಂದರೆ, ಸೆಲ್ಫು ಈ ಮನೆಯ ಯಜಮಾನ. ಸಂಗೀತ ಆಮೇಲೆ ಬಂದ ಅತಿಥಿ. ಅತಿಥಿಗೆ ಊಟವಿಡಬಾರದೆಂದು ನಾನು ಹೇಳುತ್ತಿಲ್ಲ. ಯಜಮಾನನ ಪಾಲು ಎಷ್ಟೆಂಬುದು ಮನೆಯವರಿಗೆ ತಿಳಿದಿರಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಈ ಇಬ್ಬರ ಊಟದ ರೀತಿಯನ್ನು ಹೋಲಿಸಿ ನೋಡೋಣ. ಸಾಮಾನ್ಯ ಕಾರಿನ ಸಂಗೀತಯಂತ್ರವನ್ನು ಹಿತವಾದ ಮಟ್ಟದಲ್ಲಿಟ್ಟು ಕೇಳಿದರೆ ಅದು ಎಳೆದುಕೊಳ್ಳುವ ವಿದ್ಯುತ್ತು ಸುಮಾರು ಎರಡೂವರೆ ಆಂಪಿಯರ್ ಎಂದಿಟ್ಟುಕೊಳ್ಳಿ. ಗ್ರಾಮಫೋನಿನ ಕಾಲದಲ್ಲಿ ಗಂಗೂಬಾಯಿ ಹಾನಗಲ್ಲರಂಥವರು ಒಂದು ರಾಗದ ಸಾರವನ್ನೆಲ್ಲ ತಟ್ಟೆಯ ಒಂದು ಮಗ್ಗುಲಿಗೆ, ಎಂದರೆ ಸುಮಾರು ಮೂರು ನಿಮಿಷಕ್ಕೆ, ಅಡಕ ಮಾಡಿ ಹಾಡುತ್ತಿದ್ದರು. ಅಂತಹ ಒಂದು ಹಾಡಿಗೆ ಬೇಕಾಗುವುದು ಎರಡೂವರೆ ಆಂಪಿಯರಿನಂತೆ ೧೮೦ ಸೆಕೆಂಡು, ಗುಣಿಸಿದರೆ ೪೫೦. ಚಿಕ್ಕ ಕಾರಿನ ಸೆಲ್ಫು ಎಂಜಿನ್ನನ್ನು ತಿರುಗಿಸಲು ಸುಮಾರು ೧೫೦ ಆಂಪಿಯರನ್ನು ಮೂರು ಸೆಕೆಂಡು ಎಳೆದುಕೊಂಡಿತೆನ್ನಿ. ಗುಣಿಸಿದರೆ ಅದೂ ೪೫೦. ಹಾಡೂ ಹೊರಡುವಿಕೆಯೂ ಬ್ಯಾಟರಿಯಿಂದ ತೆಗೆದುಕೊಂಡ ಮೊತ್ತ ಒಂದೇ! ಒಂದು ಗ್ರಾಮಫೋನ್ ತಟ್ಟೆಯ ಹಾಡಿಗೆ ಹಿಡಿಯುವಷ್ಟು ವಿದ್ಯುತ್ತಿನಲ್ಲಿ ಒಂದು ಕಾರು ಎದ್ದು ನಿಲ್ಲುತ್ತದೆ.

ಆದರೆ ಮೊತ್ತ ಒಂದೇ ಆದರೂ ರೀತಿ ಒಂದೇ ಅಲ್ಲ. ಹಾಡು ಗುಟುಕುಗುಟುಕಾಗಿ ಕುಡಿಯುತ್ತದೆ. ಸೆಲ್ಫು ಒಂದೇ ಉಸಿರಿಗೆ ಕೊಡವನ್ನೆತ್ತಿ ಕುಡಿಯುತ್ತದೆ. ಅರ್ಧಕ್ಕಿಂತ ಬರಿದಾದ ಬ್ಯಾಟರಿಗೆ ಗುಟುಕು ಕೊಡುವ ಶಕ್ತಿಯಿರುತ್ತದೆ, ಕೊಡ ಸುರಿಯುವ ಶಕ್ತಿಯಿರುವುದಿಲ್ಲ. ೧೫೦ ಆಂಪಿಯರ್ ಕೇಳಿದೊಡನೆ ಅದರ ವೋಲ್ಟು ಕುಸಿಯುತ್ತದೆ. ಸೆಲ್ಫಿನಿಂದ ‘ಟಕ್ ಟಕ್’ ಎಂಬ ಸದ್ದು ಮಾತ್ರ ಬರುತ್ತದೆ. ಇನ್ನೂ ಒಂದು ಗಂಟೆ ಹಾಡಬಲ್ಲ ಬ್ಯಾಟರಿ ಒಂದು ಸಲ ಹೊರಡಲಾರದೆ ಹೋಗುವುದು ಹೀಗೆ. ವಿಷಯದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಇದನ್ನು ನಮ್ಮ ರೈತರ ಮನೆಯವರಿಗೆ ವಿವರಿಸಬೇಕಾಗಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಊಟದ ಬತ್ತವನ್ನು ಕಣಜದಲ್ಲಿಟ್ಟರೂ ಬೀಜದ ಬತ್ತವನ್ನು ಬೇರೆಯಾಗಿ, ಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಆಷಾಢದಲ್ಲಿ ಕಣಜ ಬರಿದಾದರೂ, ಮನೆಯಲ್ಲಿ ಗಂಜಿಗೆ ಕೊರತೆಯಾದರೂ, ಆ ಮುಡಿಯನ್ನು ಬಿಚ್ಚುತ್ತಿರಲಿಲ್ಲ. ಏಕೆಂದರೆ ಅದು ಬತ್ತ ಮಾತ್ರವಲ್ಲ. ಮುಂದಿನ ವರ್ಷದ ಕಣಜವನ್ನೆಲ್ಲ ತುಂಬಬಲ್ಲ ಮೂಲ. ಬ್ಯಾಟರಿಯಲ್ಲಿ ಸೆಲ್ಫಿಗೆಂದು ಉಳಿಯಬೇಕಾದ ಪಾಲೂ ಅಂಥ ಬೀಜದ ಬತ್ತವೇ. ಅದು ಉಳಿದಿದ್ದರೆ ಎಂಜಿನ್ ಏಳುತ್ತದೆ. ಎಂಜಿನ್ ಎದ್ದರೆ ಖರ್ಚಾದುದೆಲ್ಲ ತಿರುಗಿ ತುಂಬುತ್ತದೆ. ಅದನ್ನೂ ಉಂಡುಬಿಟ್ಟರೆ ಟ್ಯಾಂಕಿನ ತುಂಬ ಪೆಟ್ರೋಲಿದ್ದೂ ಪ್ರಯೋಜನವಿಲ್ಲ. ವ್ಯತ್ಯಾಸವಿಷ್ಟೆ: ರೈತನ ಮನೆಯಲ್ಲಿ ಬೀಜದ ಮುಡಿ ಕಣ್ಣಿಗೆ ಕಾಣುವಂತೆ ಬೇರೆ ಇತ್ತು, ಬ್ಯಾಟರಿಯಲ್ಲಿ ಊಟದ ಬತ್ತವೂ ಬೀಜದ ಬತ್ತವೂ ಒಂದೇ ಕಣಜದಲ್ಲಿ ಬೆರೆತಿವೆ, ಕಣಜದ ಬಾಗಿಲೂ ಮುಚ್ಚಿದೆ.

ಇನ್ನೊಂದು ತೊಡಕೂ ಇದೆ. ಎಣ್ಣೆ ಮುಗಿಯುತ್ತ ಬಂದ ಹಣತೆ ಮೊದಲೇ ಸೂಚನೆ ಕೊಡುತ್ತದೆ. ಅದರ ಕುಡಿ ಸಣ್ಣದಾಗುತ್ತದೆ, ತೂಗಾಡುತ್ತದೆ. ಕೈದೀಪದ ಸೆಲ್ಲು ತೀರುತ್ತ ಬಂದರೆ ಬೆಳಕು ಕೆಂಪಾಗುತ್ತದೆ. ಕಾರಿನ ಸಂಗೀತಯಂತ್ರಕ್ಕೆ ಈ ಸೌಜನ್ಯವಿಲ್ಲ. ವೋಲ್ಟು ಸಾಕಷ್ಟು ಇಳಿದರೂ ಅದೇ ಸ್ಥಾಯಿಯಲ್ಲಿ, ಅದೇ ಮಾಧುರ್ಯದಿಂದ ಹಾಡುವಂತೆ ಅದನ್ನು ರೂಪಿಸಿರುತ್ತಾರೆ. ಅದು ಯಂತ್ರದ ಗುಣವೇ ಹೌದು. ಆದರೆ ಕೇಳುವವನಿಗೆ ಅದೇ ಮೋಸವಾಗುತ್ತದೆ. ಬೀಜದ ಬತ್ತಕ್ಕೆ ಕೈ ಹಾಕಿದಾಗಲೂ ಹಾಡಿನಲ್ಲಿ ಒಂದು ಅಪಸ್ವರವೂ ಕೇಳಿಬರುವುದಿಲ್ಲ.

ಇದು ಬರಿಯ ವಿಲಾಸದ ಪ್ರಶ್ನೆಯೆಂದು ಯಾರಾದರೂ ಭಾವಿಸಿದರೆ, ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ, ಪುಷ್ಯಮಾಸದ ಚಳಿಯಲ್ಲಿ, ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ಒಂದು ರಾತ್ರಿಯನ್ನು ಕಳೆಯಬೇಕಾಗಿ ಬಂದಿತ್ತು. ಅಲ್ಲಿ ಬಾಡಿಗೆಯ ಕಾರೊಂದು ನಿಂತಿತ್ತು. ಅದರ ಚಾಲಕ ಒಬ್ಬ ರೋಗಿಯನ್ನು ಕರೆತಂದು, ಬಂಧುಗಳು ‘ಇರಪ್ಪ’ ಎಂದದ್ದಕ್ಕೆ ಸಂಜೆಯಿಂದ ಕಾಯುತ್ತಿದ್ದ. ನಿದ್ರೆ ಬಾರದಿರಲೆಂದು ತಾಳಮದ್ದಳೆಯ ಧ್ವನಿಮುದ್ರಣವೊಂದನ್ನು ಹಾಕಿಕೊಂಡಿದ್ದ. ಭಾಗವತರ ಪದ, ಚೆಂಡೆಯ ಪೆಟ್ಟು, ಅರ್ಥಧಾರಿಗಳ ವಾದ ಎಲ್ಲವೂ ಮಂಜಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದುವು. ಬೆಳಗಿನ ನಾಲ್ಕರ ಹೊತ್ತಿಗೆ ರೋಗಿಯನ್ನು ಕೂಡಲೇ ಶಿವಮೊಗ್ಗಕ್ಕೆ ಸಾಗಿಸಬೇಕೆಂದು ವೈದ್ಯರು ಹೇಳಿದರು. ಆಸ್ಪತ್ರೆಯ ವಾಹನ ಬೇರೆ ಕಡೆಗೆ ಹೋಗಿತ್ತು. ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಚಾಲಕ ಕೀಲಿ ತಿರುಗಿಸಿದ. ‘ಟಕ್’ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದ; ಮತ್ತೆ ಅದೇ ಸದ್ದು. ಅವನು ನನ್ನ ಕಡೆ ತಿರುಗಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಈಗ ತಾನೇ ಹಾಡ್ತಾ ಇತ್ತಲ್ಲಾ ಸಾರ್!”

ಅದು ಗೇರಿನ ಹಳೆಯ ಕಾರಾಗಿದ್ದುದರಿಂದ, ಅಂಗಳ ಇಳಿಜಾರಾಗಿದ್ದುದರಿಂದ, ಅಲ್ಲಿದ್ದ ಐದಾರು ಮಂದಿ ಸೇರಿ ತಳ್ಳಿದೆವು. ಕಾಲು ಗಂಟೆಯ ಮೇಲೆ ಎಂಜಿನ್ ಹತ್ತಿಕೊಂಡಿತು. ರೋಗಿ ಶಿವಮೊಗ್ಗವನ್ನು ತಲುಪಿ ಗುಣಹೊಂದಿದರೆಂದು ಆಮೇಲೆ ತಿಳಿಯಿತು. ಆದರೆ ಆ ಕಾಲು ಗಂಟೆಯಲ್ಲಿ ರೋಗಿಯ ಮಗ ಆ ಚಾಲಕನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಆ ಮಗನ ಕೋಪ ಸಹಜ. ಆದರೆ ಚಾಲಕನ ಅಪರಾಧವಾದರೂ ಏನು? ಅವನು ಎಚ್ಚರವಾಗಿರಲು ಹಾಡು ಹಾಕಿಕೊಂಡ. ಹಾಡು ಕೊನೆಯವರೆಗೂ ‘ಎಲ್ಲವೂ ಸರಿಯಾಗಿದೆ’ ಎಂದೇ ಅವನಿಗೆ ಹೇಳುತ್ತಿತ್ತು. ಅವನ ಮುಂದೆ ವೇಗವನ್ನು ತೋರಿಸುವ ಮುಳ್ಳಿತ್ತು, ಡೀಸೆಲನ್ನು ತೋರಿಸುವ ಮುಳ್ಳಿತ್ತು, ಎಂಜಿನ್ನಿನ ಬಿಸಿಯನ್ನು ತೋರಿಸುವ ಮುಳ್ಳಿತ್ತು. ಆ ರಾತ್ರಿ ಅವನಿಗೆ ಬೇಕಾಗಿದ್ದ ಒಂದು ಮುಳ್ಳು ಮಾತ್ರ ಇರಲಿಲ್ಲ.

‘ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವಿದೆಯಲ್ಲ?’ ಎಂದು ಕೇಳುವವರುಂಟು. ಈ ದೀಪದ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆಯಿದೆ. ಅದು ಸಾಮಾನ್ಯವಾಗಿ ಹೇಳುವುದು ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂಬುದನ್ನಲ್ಲ; ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರು ತುಂಬುತ್ತಿದೆಯೋ ಇಲ್ಲವೋ ಎಂಬುದನ್ನು. ಎಂಜಿನ್ ನಿಂತಿದ್ದು ಕೀಲಿಯನ್ನು ಪೂರ್ತಿ ತಿರುಗಿಸಿದಾಗ, ತುಂಬಿದ ಬ್ಯಾಟರಿಗೂ ಅರೆ ಬರಿದಾದ ಬ್ಯಾಟರಿಗೂ ಅದು ಒಂದೇ ಸಮನೆ ಉರಿಯುತ್ತದೆ. ಕೀಲಿಯನ್ನು ಸಂಗೀತದ ಸ್ಥಾನದಲ್ಲಿಟ್ಟರೆ ಅನೇಕ ಕಾರುಗಳಲ್ಲಿ ಅದು ಉರಿಯುವುದೂ ಇಲ್ಲ. ನಿಂತ ಕಾರಿನಲ್ಲಿ ಅದರಿಂದ ನಮಗೆ ತಿಳಿಯುವುದು ಏನೂ ಇಲ್ಲ.

ಸೋಜಿಗವೆಂದರೆ, ಹಿಂದಿನವರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಮುಂಭಾಗದಲ್ಲಿದ್ದುದು ಐದು ಮಾಪಕಗಳು. ಅವುಗಳಲ್ಲಿ ಒಂದು ಆಂಪಿಯರ್ ಮಾಪಕ. ಬ್ಯಾಟರಿಗೆ ವಿದ್ಯುತ್ತು ಬರುತ್ತಿದ್ದರೆ ಮುಳ್ಳು ಒಂದು ಕಡೆಗೆ, ಹೋಗುತ್ತಿದ್ದರೆ ಇನ್ನೊಂದು ಕಡೆಗೆ ವಾಲುತ್ತಿತ್ತು. ಉಳಿಕೆ ಎಷ್ಟೆಂದು ಅದು ಹೇಳದಿದ್ದರೂ, ಖರ್ಚಾಗುತ್ತಿದೆಯೆಂಬುದನ್ನಾದರೂ ಹೇಳುತ್ತಿತ್ತು. ಹಿಂದಿನವರಿಗೆ ಇನ್ನೊಂದು ಅನುಕೂಲವೂ ಇತ್ತು. ಅಂಬಾಸಿಡರ್ ಕಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಬ್ಯಾಟರಿ ಸೊರಗಿದ್ದರೂ ಎಂಜಿನ್ ಏಳುತ್ತಿತ್ತು. ಇಂದಿನ ಕಾರಿಗೆ ಹ್ಯಾಂಡಲಿಲ್ಲ. ಸ್ವಯಂಚಾಲಿತ ಗೇರಿನ ಕಾರನ್ನು ತಳ್ಳಿಯೂ ಎಬ್ಬಿಸಲಾಗದು. ಬ್ಯಾಟರಿ ಸೋತಾಗ ಕೈಯಿಂದ ಪರಿಹರಿಸಿಕೊಳ್ಳುವ ದಾರಿ ಇದ್ದ ಕಾಲದಲ್ಲಿ ಮಾಪಕವೂ ಇತ್ತು. ಆ ದಾರಿ ಮುಚ್ಚಿದ ಕಾಲದಲ್ಲಿ ಮಾಪಕವೂ ಹೋಯಿತು. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಕೆಲವು ಸಾವಿರ ರೂಪಾಯಿಗಳ ಜೇಬಿನ ಫೋನು ತನ್ನಲ್ಲಿ ಶೇಕಡ ಎಷ್ಟು ಶಕ್ತಿ ಉಳಿದಿದೆಯೆಂದು ಅಂಕಿ ಸಹಿತ ತೋರಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಅನೇಕ ಕಾರುಗಳು ಅದೇ ಪ್ರಶ್ನೆಗೆ ಮೌನ ತಾಳುತ್ತವೆ.

ಇದಕ್ಕೆ ಬಲ್ಲವರು ಕೊಡಬಹುದಾದ ಉತ್ತರ ನನಗೆ ಗೊತ್ತಿದೆ. ‘ಸೀಸದ ಬ್ಯಾಟರಿಯ ಉಳಿಕೆಯನ್ನು ಬರಿಯ ವೋಲ್ಟಿನಿಂದ ನಿಖರವಾಗಿ ಹೇಳಲಾಗದು, ಚಳಿ, ಸೆಕೆ, ವಯಸ್ಸು ಎಲ್ಲವೂ ಅದರ ಮೇಲೆ ಪರಿಣಾಮ ಮಾಡುತ್ತವೆ, ಸಾಮಾನ್ಯ ಜನರಿಗೆ ಅಂಕಿ ಕೊಟ್ಟರೆ ಗೊಂದಲವಾಗುತ್ತದೆ’ ಎಂಬುದು ಅವರ ವಾದ. ಈ ವಾದದ ಮೊದಲ ಭಾಗ ಸತ್ಯ. ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿ ಸುಮಾರು ೧೨.೬ ವೋಲ್ಟನ್ನೋ ಅದಕ್ಕೆ ತುಸು ಹೆಚ್ಚನ್ನೋ ತೋರಿಸುತ್ತದೆ. ಮುಕ್ಕಾಲು ಉಳಿದಿದ್ದರೆ ೧೨.೪ರ ಹತ್ತಿರ, ಅರ್ಧ ಉಳಿದಿದ್ದರೆ ೧೨.೨ರ ಹತ್ತಿರ; ಕಾಲುಭಾಗಕ್ಕೆ ಇಳಿದರೆ ೧೨.೦ರ ಹತ್ತಿರ. ತುಂಬಿದ್ದಕ್ಕೂ ಬರಿದಾಗುತ್ತ ಬಂದುದಕ್ಕೂ ನಡುವೆ ಇರುವ ಅಂತರ ಒಂದು ವೋಲ್ಟಿಗಿಂತಲೂ ಕಡಮೆ. ಆದುದರಿಂದ ದಶಾಂಶವನ್ನು ಅಲಕ್ಷಿಸುವಂತಿಲ್ಲ. ಎಂಜಿನ್ ನಿಲ್ಲಿಸಿದ ಕೂಡಲೇ ನೋಡಿದರೆ ಮುಳ್ಳು ೧೨.೮, ೧೩ ಎಂದು ಹೆಚ್ಚಾಗಿಯೇ ತೋರಿಸೀತು. ಅದು ಹಾಲಿನ ಮೇಲಿನ ನೊರೆಯಂತೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಹಾಡು ನಡೆಯುತ್ತಿರುವಾಗ ನೋಡಿದರೆ ನಿಜವಾದುದಕ್ಕಿಂತ ತುಸು ಕಡಮೆ ತೋರಿಸುತ್ತದೆ.

ಆದರೆ ವಾದದ ಎರಡನೆಯ ಭಾಗವನ್ನು ನಾನು ಒಪ್ಪಲಾರೆ. ಪೆಟ್ರೋಲಿನ ಮುಳ್ಳು ಮಾತ್ರ ನಿಖರವೇ? ಆಗುಂಬೆಯ ಘಟ್ಟವನ್ನು ಹತ್ತುವಾಗ ಒಂದು ತೋರಿಸುತ್ತದೆ, ಇಳಿಯುವಾಗ ಇನ್ನೊಂದು ತೋರಿಸುತ್ತದೆ. ಅದಕ್ಕಾಗಿ ಅದನ್ನು ಯಾರೂ ಕಿತ್ತುಹಾಕಲಿಲ್ಲ. ಜನರು ಅದರ ಸ್ವಭಾವವನ್ನು ಅರಿತುಕೊಂಡರು. ಸಮತಟ್ಟಾದ ನೆಲದಲ್ಲಿ ನೋಡಬೇಕೆಂದು ಕಲಿತರು. ಕಣಜವನ್ನು ಬೆರಳಿನಿಂದ ತಟ್ಟಿ ಬತ್ತ ಎಲ್ಲಿಯವರೆಗಿದೆ ಎಂದು ಹೇಳಬಲ್ಲ ಗೃಹಿಣಿಯ ಅಂದಾಜೂ ಅಂದಾಜೇ. ಆ ಅಂದಾಜಿನ ಮೇಲೆಯೇ ವರ್ಷವಿಡೀ ಸಂಸಾರ ನಡೆಯುತ್ತಿತ್ತು. ಅಪೂರ್ಣವಾದ ತಿಳಿವಳಿಕೆ ಗೊಂದಲವನ್ನುಂಟುಮಾಡುತ್ತದೆಂದು ತಿಳಿವಳಿಕೆಯನ್ನೇ ಕೊಡದಿರುವುದು, ಬಳಸುವವರನ್ನು ಮಕ್ಕಳೆಂದು ಭಾವಿಸಿದಂತೆ. ಮಕ್ಕಳಿಗೂ ಗಡಿಯಾರ ನೋಡುವುದನ್ನು ಕಲಿಸುತ್ತೇವಲ್ಲ!

ಹೊಸ ಕಾರುಗಳಲ್ಲಿ ಇನ್ನೊಂದು ಏರ್ಪಾಡು ಬಂದಿದೆ. ಬ್ಯಾಟರಿಯ ಕಂಬಕ್ಕೆ ಜೋಡಿಸಿದ ಒಂದು ಸೂಕ್ಷ್ಮಸಾಧನ ಉಳಿಕೆಯನ್ನು ಅಳೆಯುತ್ತ, ಮಿತಿ ಮೀರಿತೆನ್ನುವಾಗ ಸಂಗೀತವನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಇದು ಒಳ್ಳೆಯದೇ, ಆ ಚಾಲಕನ ಕಾರಿನಲ್ಲಿ ಇದಿದ್ದರೆ ರೋಗಿಯ ಕಾಲು ಗಂಟೆ ಉಳಿಯುತ್ತಿತ್ತು. ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಅಳೆಯುವ ಸಾಧನ ಕಾರಿನೊಳಗೆ ಇದೆ, ಲೆಕ್ಕವೂ ಸಿದ್ಧವಾಗಿದೆ. ಆದರೆ ಕಾರಿನ ಒಡೆಯನಿಗೆ ಮಾತ್ರ ಅದನ್ನು ತೋರಿಸುವುದಿಲ್ಲ. ನಿಲ್ಲಿಸುವುದು ಬೇರೆ, ತಿಳಿಸುವುದು ಬೇರೆ. ಲೆಕ್ಕ ತಿಳಿದವನು ಪಲ್ಲವಿಯಲ್ಲಿಯೇ ಯೋಚಿಸಿ ಚರಣ ಮುಗಿದ ಮೇಲೆ ತಾನೇ ನಿಲ್ಲಿಸುತ್ತಾನೆ. ಲೆಕ್ಕ ತಿಳಿಯದವನ ಹಾಡನ್ನು ಯಂತ್ರ ನಡುಚರಣದಲ್ಲಿ ಕತ್ತರಿಸುತ್ತದೆ.

ವಿದ್ಯುತ್ ಕಾರುಗಳು ಬಂದ ಮೇಲೆ ಈ ತೊಂದರೆ ತಾನಾಗಿ ತೀರಿತೆಂದು ನಂಬಿದವರೂ ಇದ್ದಾರೆ. ನೂರಾರು ಕಿಲೋಮೀಟರ್ ಓಡಿಸಬಲ್ಲ ಮಹಾಬ್ಯಾಟರಿ ಕೆಳಗಿರುವಾಗ ನಾಲ್ಕು ಹಾಡುಗಳಿಗೇಕೆ ಅಂಜಬೇಕು ಎಂಬುದು ಅವರ ಎಣಿಕೆ. ಆದರೆ ಆ ಕಾರುಗಳಲ್ಲಿಯೂ ಸಾಮಾನ್ಯವಾಗಿ ಚಿಕ್ಕದೊಂದು ಹನ್ನೆರಡು ವೋಲ್ಟಿನ ಬ್ಯಾಟರಿ ಬೇರೆ ಇರುತ್ತದೆ. ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಮುಚ್ಚಿ ತೆರೆಯುವ ಸಾಧನಗಳಿಗೆ ಶಕ್ತಿ ಬರುವುದು ಈ ಚಿಕ್ಕದರಿಂದ. ಕಾರು ಪೂರ್ತಿ ಎಚ್ಚರವಾಗಿರುವಾಗ ದೊಡ್ಡದು ಚಿಕ್ಕದನ್ನು ತುಂಬುತ್ತಿರುತ್ತದೆ. ಅರೆ ಎಚ್ಚರದಲ್ಲಿ ಸಂಗೀತ ಕೇಳಿದರೆ ಕೆಲವು ಕಾರುಗಳಲ್ಲಿ ಚಿಕ್ಕದೇ ಸೊರಗುತ್ತದೆ. ಚಿಕ್ಕದು ಸತ್ತರೆ ದೊಡ್ಡದು ಭರ್ತಿಯಾಗಿದ್ದರೂ ಕಾರು ಏಳುವುದಿಲ್ಲ. ಕಣಜ ತುಂಬಿದೆ, ಬೀಗದ ಕೈ ಬಾವಿಗೆ ಬಿದ್ದಿದೆ! ಬೀಜದ ಬತ್ತದ ನ್ಯಾಯ ಇಲ್ಲಿಯೂ ತಪ್ಪಲಿಲ್ಲ.

ಕಾರು ಮಾಡುವವರು ಮನಸ್ಸು ಮಾಡುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಸಿಗರೇಟಿನ ಕಿಂಡಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್ ಮಾಪಕಗಳು ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿದು ನೋಡುವ ಮಲ್ಟಿಮೀಟರನ್ನೂ ಕೊಳ್ಳಬಹುದು. ಹಾಡು ನಡೆಯುತ್ತಿರುವಾಗ ಅಂಕಿ ೧೨.೪ಕ್ಕೆ ಇಳಿದರೆ ಇನ್ನೆಷ್ಟು ಹೊತ್ತೆಂದು ಯೋಚಿಸಬೇಕು, ೧೨.೨ಕ್ಕೆ ಇಳಿದರೆ ನಿಲ್ಲಿಸಬೇಕು. ಅದು ತುಸು ಮುಂಚಿತವಾದ ಎಚ್ಚರಿಕೆಯೇ ಆದೀತು. ಆದರೆ ಬೀಜದ ಬತ್ತದ ವಿಷಯದಲ್ಲಿ ಮುಂಚಿತವೆಂಬುದು ದೋಷವಲ್ಲ. ಚಿಕ್ಕ ಕಾರಿನ ೩೫ ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಎರಡೂವರೆ ಆಂಪಿಯರಿನಂತೆ ಅರ್ಧಕ್ಕೆ ಇಳಿಯಲು ಏಳು ಗಂಟೆ ಬೇಕು. ಕಾಗದದ ಮೇಲಿನ ಈ ಏಳು ಗಂಟೆಯನ್ನು ಯಾರೂ ನಂಬಬಾರದು. ಬ್ಯಾಟರಿ ಹಳೆಯದಾಗಿ ಅದರ ಧಾರಣಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿದಿದ್ದರೆ ಅದು ಐದು ಗಂಟೆಯೂ ಇಲ್ಲ. ಹಿಂಬದಿಯಲ್ಲಿ ಆಂಪ್ಲಿಫೈಯರ್ ಕೂಡಿಸಿ ಎದೆ ನಡುಗುವಂತೆ ಹಾಕಿದರೆ ಹತ್ತು ಆಂಪಿಯರ್. ಆಗ ಹೊಸ ಬ್ಯಾಟರಿಯೂ ಎರಡು ಗಂಟೆಗೆ ಮೊದಲೇ ಅರ್ಧವಾಗುತ್ತದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ ಸೆಲ್ಫಿನ ಹೊರೆ ಹೆಚ್ಚುತ್ತದೆ. ಇಳಿದ ಬ್ಯಾಟರಿಯನ್ನು ಹತ್ತು ನಿಮಿಷ ಎಂಜಿನ್ ಓಡಿಸಿ ತುಂಬಿಸಿದೆನೆಂದು ಭಾವಿಸಬಾರದು. ಪೂರ್ತಿ ತುಂಬಲು ಗಂಟೆಗಳೇ ಹಿಡಿಯುತ್ತವೆ. ಇಳಿದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟು ಹರಳುಗಟ್ಟಿ, ಆಮೇಲೆ ಎಷ್ಟು ತುಂಬಿದರೂ ಬ್ಯಾಟರಿ ಹಿಡಿದಿಟ್ಟುಕೊಳ್ಳದು.

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ನಮ್ಮ ಗಾದೆ. ನಿಂತ ಕಾರಿನಲ್ಲಿ ಸಂಗೀತ ಕೇಳುವವನಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಮಾತಿಲ್ಲ. ಆದರೆ ಗಾದೆ ಉಣ್ಣಬೇಡವೆಂದು ಹೇಳುವುದಿಲ್ಲ. ಕುಡಿಕೆಗೆ ತಳವಿದೆಯೆಂದು ನೆನಪು ಮಾಡಿಕೊಡುತ್ತದೆ.

ಕೊನೆಯದಾಗಿ ರಸಿಕರ ಒಂದು ಆಕ್ಷೇಪ ಉಳಿಯುತ್ತದೆ. ‘ಕಣ್ಣು ವೋಲ್ಟಿನ ಅಂಕಿಯ ಮೇಲಿದ್ದರೆ ಕಿವಿ ರಾಗದ ಮೇಲೆ ಹೇಗಿದ್ದೀತು? ಲೆಕ್ಕ ಬಂದಲ್ಲಿ ರಸ ನಿಲ್ಲುವುದಿಲ್ಲ’ ಎಂದು ಅವರು ಹೇಳಬಹುದು. ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ಕೈಗಳನ್ನು ಅವರು ನೋಡಲಿ. ಪಲ್ಲವಿ ನಡೆಯುತ್ತಿರುವಾಗ ಒಬ್ಬೊಬ್ಬರ ಬೆರಳೂ ತೊಡೆಯ ಮೇಲೆ ಎಣಿಸುತ್ತಿರುತ್ತದೆ. ವೇದಿಕೆಯ ಮೇಲಿನ ಗಾಯಕನೂ ಎಣಿಸುತ್ತಲೇ ಹಾಡುತ್ತಾನೆ. ಆ ಎಣಿಕೆಯಿಂದ ಯಾರ ರಸವೂ ಕೆಟ್ಟುದನ್ನು ನಾನು ಕಾಣೆ. ಎಲ್ಲಿಗೆ ಮುಗಿಯಬೇಕೆಂಬುದು ತಿಳಿದಿರುವುದರಿಂದಲೇ ಅವನು ಅಷ್ಟು ಧೈರ್ಯವಾಗಿ ದೂರ ಹೋಗಿ ಸಮಕ್ಕೆ ಬಂದು ಸೇರುತ್ತಾನೆ. ನಿಂತ ಕಾರಿನ ಶ್ರೋತೃವಿಗೆ ನಾನು ಬಯಸುವುದೂ ಇಷ್ಟನ್ನೇ. ಅವನ ಮುಂದೆ ಒಂದು ಮುಳ್ಳಿರಲಿ. ಅದನ್ನು ಓದುವುದನ್ನು ಮೋಟಾರು ಶಾಲೆಗಳಲ್ಲಿ ಮೊದಲ ವಾರವೇ ಕಲಿಸಲಿ. ಕಾರು ಮಾಡುವವರು ಅದನ್ನು ಪೆಟ್ರೋಲಿನ ಮುಳ್ಳಿನ ಪಕ್ಕದಲ್ಲಿಯೇ ಇಡಲಿ. ನಾಲ್ಕರ ನಸುಕಿನಲ್ಲಿ ಯಾರ ಅಂಗಳದಲ್ಲಿಯಾದರೂ ‘ಕೂಡಲೇ ಹೊರಡಬೇಕು’ ಎಂಬ ಮಾತು ಬಂದಾಗ, ರಾತ್ರಿಯೆಲ್ಲ ಹಾಡು ಕೇಳಿದ ಕಾರೂ ಹೊರಡುವಂತಿರಲಿ.